ಒಂದೇ ಕೈಯ ತಯಾರಿ

ಗಿಂಟರ್ ಪಿಕಾನ ಬೆನ್ನು ತಿಕ್ಕಲು ಯಾರೂ ಇರಲಿಲ್ಲ.

ಗಣಿಯಲ್ಲಿದ್ದಾಗ ಈ ಕೊರತೆ ಇರಲಿಲ್ಲ. ಪಾಳಿ ಮುಗಿಸಿ ಮೇಲೆ ಬಂದವರು ಸ್ನಾನದ ಮನೆಯಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಹಿಂದಿನವನು ಮುಂದಿನವನ ಬೆನ್ನು ತಿಕ್ಕುವುದು, ಆಮೇಲೆ ಎಲ್ಲರೂ ತಿರುಗಿ ನಿಂತು ಋಣ ತೀರಿಸುವುದು. ಬೆಳಿಗ್ಗೆ ಜಗಳವಾಡಿದವನ ಬೆನ್ನನ್ನೂ ಬಿಡುವಂತಿರಲಿಲ್ಲ. ಒಬ್ಬನ ಬೆನ್ನಿಗೆ ಯಾರೂ ಕೈ ಹಾಕಲಿಲ್ಲವೆಂದರೆ ಅವನು ಮೇಸ್ತ್ರಿಗೆ ಚಾಡಿ ಹೇಳುವವನೆಂದೇ ಅರ್ಥ.

ಕಳೆದ ಚಳಿಗಾಲದಲ್ಲಿ ಸುರಂಗದ ಸೂರಿನಿಂದ ಕಲ್ಲಿದ್ದಲ ಹೆಂಟೆಯೊಂದು ಗಿಂಟರನ ಬಲಭುಜದ ಮೇಲೆ ಬಿತ್ತು. ಕೈ ಉಳಿಯಿತು, ಎದೆಮಟ್ಟಕ್ಕಿಂತ ಮೇಲೇಳದು. ಹೆಂಡತಿ ಟ್ರೌಡಾ ಅದಕ್ಕೂ ಬಹಳ ಹಿಂದೆಯೇ ಅವನನ್ನು ಬಿಟ್ಟು ಗಡಿ ದಾಟಿ ಜರ್ಮನಿಗೆ ಹೋಗಿದ್ದಳು. ಈಗ ಗುರುವಾರ ವಿಮಾ ಕಚೇರಿಯ ಡಾಕ್ಟರು ಅವನನ್ನು ನೋಡಬೇಕಿತ್ತು. ದುಡಿಯಲಾರನೆಂದು ಬರೆದರೆ ಪಿಂಚಣಿ. ಬರೆಯದಿದ್ದರೆ ಈಗ ಬರುತ್ತಿರುವ ಭತ್ಯೆಯೂ ನಿಲ್ಲುತ್ತದೆ. ಅಂಥ ಕೈಯವನನ್ನು ಗಣಿ ಹೇಗೂ ಒಳಗೆ ಬಿಡುವುದಿಲ್ಲ.

ಗಣಿಯ ಹಳೆಯ ಜೊತೆಗಾರ ಎರ್ವಿನ್, ಹೆಂಡತಿ ಹಿಲ್ಡಾ ಕಟ್ಟಿಕೊಟ್ಟ ಗಸಗಸೆ ಕೇಕು ಹಿಡಿದು ಬುದ್ಧಿ ಹೇಳಲು ಬಂದ.

"ಗಡ್ಡ ತೆಗೀಬೇಡ. ಸ್ನಾನಾನೂ ಮಾಡ್ಬೇಡ."

"ನಾರೋ ಮೈಯಲ್ಲಿ ಡಾಕ್ಟ್ರ ಮುಂದೆ ನಿಲ್ಲಲಾ?"

"ಹೆಣ್ಣು ನೋಡೋಕೆ ಹೋಗ್ತಿಲ್ಲ ಕಣೋ ನೀನು. ನನ್ನ ಮೊಣಕಾಲು ತೋರ್ಸೋಕೆ ಹೋದಾಗ ಹಿಲ್ಡಾ ಬಂದಿದ್ಲು. ಷೂ ಬಿಚ್ಚಿದ್ಲು, ಪ್ಯಾಂಟ್ ಎಳೆದ್ಲು, ಮಧ್ಯೆ ಮಧ್ಯೆ ಕಣ್ಣು ಒರೆಸ್ಕೊಂಡ್ಲು. ಡಾಕ್ಟ್ರು ನನ್ನ ಕಾಲು ನೋಡಿದ್ದಕ್ಕಿಂತ ಅವಳ ಮುಖ ನೋಡಿದ್ದೇ ಜಾಸ್ತಿ."

"ಸುಳ್ಳು ಅಳು ತಾನೇ?"

"ಅಳು ನಿಜದ್ದೇ. ಅವತ್ತು ಬೆಳಿಗ್ಗೆ ಬೈದಿದ್ದೆ. ನೀನೂ ಯಾರನ್ನಾದ್ರೂ ಕರ್ಕೊಂಡು ಹೋಗು."

ಗಿಂಟರ್ ತಟ್ಟೆಯಲ್ಲಿ ಉದುರಿದ್ದ ಗಸಗಸೆಯನ್ನು ಬೆರಳಲ್ಲೊತ್ತಿ ತಿಂದ. "ನೀನೇ ಬಾ."

"ಗುರುವಾರ ಮೊಮ್ಮಗೂನ ನೋಡ್ಕೋಬೇಕಲ್ಲೋ." ಎರ್ವಿನ್ ತನ್ನ ಷೂ ನೋಡಿಕೊಂಡ. "ಹೋಗ್ಲಿ, ಇದೊಂದು ನೆನಪಿಟ್ಕೋ. ಕೇಳಿದ್ದಕ್ಕೆ ಹೂಂ, ಇಲ್ಲಾ ಊಹೂಂ. ಬಾಯಿ ಬಿಟ್ಟರೆ ಬಣ್ಣಗೇಡು."

ಬೆನ್ನು ತಿಕ್ಕಿಕೊಡೆಂದು ಅವನನ್ನು ಕೇಳಬಹುದಿತ್ತು. ಸ್ನಾನದ ಮನೆಯಲ್ಲಿ ಕೇಳದೆಯೇ ಸಿಗುತ್ತಿದ್ದದ್ದನ್ನು ಅಡುಗೆಮನೆಯಲ್ಲಿ ಕೂತು ಹೇಗೆ ಕೇಳುವುದೆಂದು ಗಿಂಟರನಿಗೆ ತಿಳಿಯಲಿಲ್ಲ.

ಬುಧವಾರ ಅವನು ಬ್ರಷ್ಷನ್ನು ನೀರಿನ ಕೊಳವೆಗೆ ಬಿಗಿದು, ಎಮ್ಮೆ ಕಂಬಕ್ಕೆ ಮೈ ಉಜ್ಜಿದ ಹಾಗೆ ಬೆನ್ನುಜ್ಜಿಕೊಂಡ. ಎಡಗೈಯಲ್ಲಿ ಗಡ್ಡ ಹೆರೆದ. ಬಿಳಿ ಶರ್ಟಿನ ಕೆಳಗಿನ ಗುಂಡಿಗಳನ್ನು ಹಾಕಿದಂತೆಯೇ ಹೊಲಿದುಬಿಟ್ಟ, ತಲೆಯ ಮೇಲಿಂದಲೇ ಹಾಕಿ ತೆಗೆಯಲು ಬರುವಂತೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ನೆಗಡಿಯಾಗಿತ್ತು.

"ಜೊತೆಗೆ ಯಾರು ಬಂದಿದ್ದಾರೆ?"

"ಯಾರೂ ಇಲ್ಲ."

"ಶರ್ಟ್ ತೆಗೀರಿ."

ಬಾಗಿಲ ಹಿಂದೆ ಕೋಟು ತೂಗುವ ಕೊಕ್ಕೆಯಿತ್ತು. ಗಿಂಟರ್ ಬೆನ್ನು ತಿರುಗಿಸಿ ಕಾಲರನ್ನು ಅದಕ್ಕೆ ಸಿಕ್ಕಿಸಿದ, ಶರ್ಟಿನ ತೋಳುಗಳಿಂದ ಕೈಗಳನ್ನು ಒಳಗೆಳೆದುಕೊಂಡು ಮಂಡಿ ಮಡಿಸಿ ಕೆಳಗೆ ಜಾರಿದ. ಶರ್ಟು ಮೇಲೆ ಉಳಿಯಿತು, ಅವನು ಹೊರಗೆ ಬಂದ. ಡಾಕ್ಟರು ಕರವಸ್ತ್ರವನ್ನು ಮೂಗಿನಿಂದ ಕೆಳಗಿಳಿಸಿದರು.

"ಇದನ್ನ ಯಾರು ಕಲಿಸಿದ್ರು?"

"ನಾನೇ."

ಅವರು ಕೈ ಎತ್ತಿ ನೋಡಿದರು, ತಿರುಗಿಸಿ ನೋಡಿದರು. ನೋವಿಗೆ ಅವನ ಹಣೆ ಬೆವರಿತು. ಆವರೆಗೂ ಹೂಂ, ಊಹೂಂ ಸರಿಯಾಗಿಯೇ ನಡೆದಿತ್ತು.

"ಮನೇಲಿ ಅಡುಗೆ ಹೇಗೆ ಮಾಡ್ಕೋತೀರಿ?"

ಅಪಘಾತವಾದಂದಿನಿಂದ ಈ ಮಾತು ಯಾರೂ ಅವನನ್ನು ಕೇಳಿರಲಿಲ್ಲ. ಗಿಂಟರ್ ಹೇಳತೊಡಗಿದ. ಹಲಗೆಗೆ ಮೊಳೆ ಹೊಡೆದು ಆಲೂಗೆಡ್ಡೆ ಚುಚ್ಚಿಟ್ಟು ಸಿಪ್ಪೆ ತೆಗೆಯುವುದು, ಬೇಯಿಸಿದ ಆಲೂಗೆಡ್ಡೆಯ ಉಂಡೆಗೆ ಸಾರು ನಿಲ್ಲಲೆಂದು ಎಡಗೈ ಹೆಬ್ಬೆರಳಲ್ಲೇ ಗುಳಿ ಒತ್ತುವುದು, ಕಲ್ಲಿದ್ದಲ ಬಕೆಟ್ಟನ್ನು ಮೊಣಕೈಗೆ ತೂಗುಹಾಕಿ ಮೆಟ್ಟಿಲು ಹತ್ತುವುದು.

"ಬೆನ್ನು ತೊಳ್ಕೊಳ್ಳೋದು?"

"ಅದನ್ನ ಕೇಳ್ಬೇಡಿ ಮೇಡಂ, ದನದ ಕೆಲಸ," ಎಂದು ಅದನ್ನೂ ಹೇಳಿದ. ಡಾಕ್ಟರು ನಕ್ಕರು. ಅವನೂ ನಕ್ಕ. ಅವರು ಬರೆಯುತ್ತ ಹೋದರು, ಅವನು ಹೇಳುತ್ತ ಹೋದ. ಟ್ರಾಮಿನಲ್ಲಿ ಕೂತ ಮೇಲೂ, ಹೇಳದೆ ಉಳಿದದ್ದು ಒಂದೊಂದೇ ನೆನಪಾಗುತ್ತಿತ್ತು.

ತೀರ್ಪು ಅಂಚೆಯಲ್ಲಿ ಬಂತು: ಬಲಗೈಯ ಚಲನೆ ಕಡಿಮೆಯಾಗಿದೆ, ಆದರೂ ವ್ಯಕ್ತಿ ಪರರ ನೆರವಿಲ್ಲದೆ ಎಲ್ಲವನ್ನೂ ನಿಭಾಯಿಸುತ್ತಾನೆ, ಹಗುರ ಕೆಲಸಕ್ಕೆ ಯೋಗ್ಯ.

ಎರ್ವಿನ್ ಅದನ್ನು ಎರಡು ಸಲ ಓದಿದ. "ಆಲೂಗೆಡ್ಡೆ ಮೊಳೇನೂ ಬರ್ದಿದ್ದಾರಲ್ಲೋ. ಯಾಕೋ ಹೇಳ್ದೆ ಇದನ್ನೆಲ್ಲಾ?"

"ಕೇಳಿದ್ರು."

"ಮೇಲ್ಮನವಿ ಹಾಕು."

"ಏನಂತ? ಹೇಳಿದ್ದು ಸುಳ್ಳು ಅಂತಾನಾ?"

ಎರ್ವಿನ್ ಟೋಪಿ ತೆಗೆದುಕೊಂಡು ಎದ್ದ. ಮೊಮ್ಮಗು ಏಳುವ ಹೊತ್ತಾಗಿತ್ತು.

ಗಿಂಟರ್ ಕಳೆದುಕೊಂಡದ್ದು ಇಷ್ಟು: ಬಲಗೈಯ ಅರ್ಧ ಎತ್ತರ, ಗಣಿಯ ಕೆಲಸ, ಬರುತ್ತಿದ್ದ ಭತ್ಯೆ, ಬರಬೇಕಿದ್ದ ಪಿಂಚಣಿ.