ಅದೇ ಮೂರು ಅಕ್ಷರಗಳು

ಪರದೆಯ ತುಂಬ ಅದೇ ಮೂರು ಚೀನೀ ಅಕ್ಷರಗಳು, ಸಾಲು ಸಾಲಾಗಿ. ಮನೀಷಾ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಳು. ಮತ್ತೆ ಅವೇ ಬಂದವು.

ಹುಮನಾಬಾದಿನ ಆ ಬೇಳೆ ಮಿಲ್ಲಿನಲ್ಲಿ ತೊಗರಿಬೇಳೆಯ ಬಣ್ಣ ನೋಡುವುದು ಚೀನಾದ ಹಳೆಯ ಯಂತ್ರ. ಅದರ ಕ್ಯಾಮೆರಾಕ್ಕೆ ಕಪ್ಪು ಕಾಳು ಕಂಡರೆ ಗಾಳಿಯ ಸಣ್ಣ ಏಟು ಅದನ್ನು ಪಕ್ಕದ ಚೀಲಕ್ಕೆ ಹಾರಿಸುತ್ತದೆ. ಯಾವ ಬೇಳೆಗೆ ಎಂಥ ಏಟು ಎಂಬುದು ಒಂದು ಫೈಲಿನಲ್ಲಿ, ಚೀನೀ ಹೆಸರುಗಳ ಕೆಳಗೆ ಇತ್ತು. ಕೆಲಸದವರಿಗೆ ಅನುಕೂಲವಾಗಲೆಂದು ಮನೀಷಾ ನಿನ್ನೆ ಅದನ್ನು ಲ್ಯಾಪ್‌ಟಾಪಿನಲ್ಲಿ ತೆರೆದು, ಕೆಲವು ಇಂಗ್ಲಿಷ್ ಹೆಸರು ಸೇರಿಸಿ, ಹಳೆಯದರ ಮೇಲೆಯೇ ಉಳಿಸಿದ್ದಳು.

ತಪ್ಪು ಎಲ್ಲಿ ಎಂಬುದು ಈಗ ಅವಳಿಗೆ ಗೊತ್ತು. ಯಂತ್ರ ಬಳಸುವ ಆ ಹಳೆಯ ಚೀನೀ ಸಂಕೇತಗಳಿಗೆಲ್ಲ, ಎಲ್ಲ ಭಾಷೆಗಳ ಅಕ್ಷರಗಳಿರುವ ಯೂನಿಕೋಡ್‌ನಲ್ಲಿ ಜಾಗವಿದೆ. ಅಲ್ಲಿಂದ ಮರಳುವ ದಾರಿಯೂ ಇದೆ. ಆದರೆ ಫೈಲು ಯಾವ ಸಂಕೇತದಲ್ಲಿದೆಯೆಂದು ಮೊದಲೇ ಹೇಳಬೇಕು. ಅವಳು ಹೇಳಿರಲಿಲ್ಲ. ಲ್ಯಾಪ್‌ಟಾಪ್ ಅದನ್ನು ಯೂನಿಕೋಡೇ ಎಂದು ತಿಳಿದು, ಅರ್ಥವಾಗದ ಪ್ರತಿಯೊಂದರ ಜಾಗದಲ್ಲಿ ಒಂದೇ ಪ್ರಶ್ನೆಚಿಹ್ನೆ ಇಟ್ಟಿತ್ತು. ಆ ಪ್ರಶ್ನೆಚಿಹ್ನೆಗಳನ್ನೇ ಯಂತ್ರ ತನ್ನ ಹಳೆಯ ಸಂಕೇತದಲ್ಲಿ ಓದಿ ಈ ಮೂರು ಅಕ್ಷರ ತೋರಿಸುತ್ತಿತ್ತು. ಬೇರೆ ಬೇರೆ ಹೆಸರುಗಳೆಲ್ಲ ಒಂದೇ ಆಗಿದ್ದವು. ಇನ್ನು ಅವನ್ನು ಬಿಡಿಸಲು ಬಾರದು.

ಬೇಳೆ ಮಾಡಿಸಲು ಬಂದು ತನ್ನ ಚೀಲಗಳ ಮೇಲೆ ಕೂತಿದ್ದ ಘಾಟಬೋರಾಳದ ಸುಮನಬಾಯಿ ಕೂಗಿದಳು: "ಏನವ್ವಾ, ನಿನ್ನ ಮಿಷನ್ ಉಪಾಸ ಹಿಡದದೇನ? ಆಟೋ ತಪ್ಪಿತಂದ್ರ ನಿಮ್ಮನಿಯಾಗೇ ಉಣತೀನಿ ನೋಡು."

"ಇನ್ನೀಟು ಕುಂದರ್ರಿ ಆಯಿ, ಮಾಡಾಕತ್ತೇನಿ."

ಯಂತ್ರ ನಿಂತ ಸುದ್ದಿ ಮುಟ್ಟಿ ಮಾಣಿಕನಗರದಿಂದ ಕಾಕಾನ ಫೋನು ಬಂತು. ಮಿಲ್ಲು ಶಂಕರಲಿಂಗ ಕಾಕಾನದೇ.

"ಇದು ಆ ಫರಹತ್‌ನ ಕಿತಾಪತಿ. ಕೆಲಸ ಬಿಡಸಿದ್ದಕ್ಕ ಏನರೆ ಮಾಡಿಟ್ಟು ಹೋಗ್ಯಾನ. ಕಲ್ಯಾಣದಾಗ ಅವನ ಹೊಸ ಸೇಠಗ ಹೇಳ್ತೀನಿ ತಡಿ."

"ಹಂಗಲ್ಲ ಕಾಕಾ—"

ಫೋನು ಕಟ್ಟಾಗಿತ್ತು. ಮನೀಷಾ ಬಾಗಿಲಿನವರೆಗೆ ಹೋದಳು, ತಿರುಗಿ ಬಂದಳು. ಅವಳ ಬಿಎಸ್ಸಿ ಮುಗಿದ ಮೇಲೆ ಕಾಕಾ ಅವಳನ್ನು ಈ ಕುರ್ಚಿಯಲ್ಲಿ ಕೂಡಿಸಿ, ಫರಹತ್‌ಗೆ ಕೆಲಸವಿಲ್ಲ ಎಂದಿದ್ದ. ಈಗ ಬಸವಕಲ್ಯಾಣದ ಮಿಲ್ಲೊಂದರಲ್ಲಿ ಇಂಥದೇ ಯಂತ್ರದ ಮುಂದೆ ಅವನಿದ್ದಾನೆ.

ಅವನ ನಂಬರು ಒತ್ತಿದಳು.

"ಹಳೇ ಫೈಲ್ ನಿನ್ನ ಹಂತೇಕ ಅದ ಏನು?"

"ಯಾಕ, ಹೊಸಾದು ಕೆಡಿಸೀದೇನ?" ಎಂದು ನಕ್ಕ. ಆಕೆ ಆದದ್ದನ್ನು ಹೇಳಿದಳು. ನಗು ನಿಂತಿತು. "ಅರೆ ಖುದಾ! ಕಳಸ್ತೀನಿ. ತೆರದು ನೋಡಬ್ಯಾಡ ಮತ್ತ, ಹಂಗೇ ಹಾಕು."

ಕಾಕಾ ಸೇಠಗೆ ದೂರು ಹೇಳಲಿರುವುದನ್ನು ಮಾತ್ರ ಮುಚ್ಚಿಟ್ಟು ಅವಳು ಫೋನಿಟ್ಟಳು.

ಫೈಲು ಬಂತು. ತೆರೆಯದೆ ಹಾಗೇ ಯಂತ್ರಕ್ಕೆ ಹಾಕಿದಳು. ಪರದೆಯ ಮೇಲೆ ಒಂದೊಂದು ಹೆಸರೂ ಬೇರೆಯಾಗಿ ನಿಂತಿತು. ಗಾಳಿಯ ಏಟುಗಳು ಟಿಕಟಿಕನೆ ಶುರುವಾದಾಗ ಕಾಕಾ ಒಳಗೆ ಬಂದ.

"ಶಾಬಾಷ್! ಅವ ಕೆಡಿಸಿದ್ದು ನಮ್ಮ ಹುಡುಗಿ ಸುಧಾರಿಸಿತು. ನೋಡ್ರಿ ಸುಮನಬಾಯಿ, ಕಲತವ್ರಂದ್ರ ಹಿಂಗ!" ಎನ್ನುತ್ತಲೇ ಮೊಬೈಲು ಕಿವಿಗಿಟ್ಟ. "ಸೇಠಗ ಹಚ್ಚೀನಿ, ಅವನ ಬಣ್ಣ ತಿಳೀಲಿ."

ಆ ಕಡೆ ರಿಂಗಾಗುತ್ತಿತ್ತು. ಮನೀಷಾ ಅವನ ಮುಂದೆ ಬಂದು ನಿಂತಳು.

"ಕಾಕಾ, ಕೆಡಿಸಿದಾಕಿ ನಾ. ಫರಹತ್ ಫೈಲ್ ಕಳಸ್ಯಾನ, ಅದಕ್ಕ ನಡದದ."

ಸುಮನಬಾಯಿ ಬಾಯಿಗೆ ಹಾಕುತ್ತಿದ್ದ ಎಲೆಯನ್ನು ಅಲ್ಲೇ ಹಿಡಿದಳು. ಕಾಕಾ ಮನೀಷಾಳನ್ನೇ ನೋಡಿದ. ಫೋನಿನೊಳಗಿಂದ "ಹಲೋ? ಹಲೋ?" ಎಂದು ಕೇಳುತ್ತಿತ್ತು.

"ಹಾಂ, ಸೇಠ... ಏನಿಲ್ರಿ. ಸುಮ್ಮ ಹಚ್ಚಿದ್ದೆ. ಬಜಾರ ಹ್ಯಾಂಗದ?"

ಮಾತು ಮುಗಿಸಿ ಅವನು ಅವಳತ್ತ ತಿರುಗಲಿಲ್ಲ. "ಮಂದಿ ಮುಂದ ಹೇಳಬೇಕಿತ್ತಾ?" ಎಂದಷ್ಟೇ ಅಂದು ಹೊರಗೆ ನಡೆದ.

ಹಳದಿ ಬೇಳೆ ಒಂದೇ ಸಮನೆ ಸುಮನಬಾಯಿಯ ಚೀಲಕ್ಕೆ ಸುರಿಯುತ್ತಿತ್ತು. ಮನೀಷಾ ಪಕ್ಕಕ್ಕೆ ಸರಿದು, ಯಂತ್ರ ಬೇಡವೆಂದು ಹಾರಿಸಿದ ಕಾಳಿನ ಕೆಳಗೆ ಕೈ ಒಡ್ಡಿದಳು. ಕಪ್ಪಿನ ನಡುವೆ ಆಗೊಂದು ಈಗೊಂದು ಒಳ್ಳೆಯದೂ ಅಂಗೈಗೆ ಬಿತ್ತು. ಅವನ್ನು ಆರಿಸಿ ತೆಗೆಯುತ್ತ ಅವಳು ಅಲ್ಲೇ ನಿಂತಳು.