ಗೋಡೆಗೆ ನಿಲ್ಲಿಸಿದ ಹಾಸಿಗೆ

"ಸ್ವಲ್ಪ ತಡೀರಪ್ಪ, ಮೊದ್ಲು ಈ ಹಾಸಿಗೆ ಆಚೆ ಹೋಗ್ಲಿ. ಇಲ್ದಿದ್ರೆ ತಾತನ್ನ ತಿರುಗಿಸೋಕಾಗಲ್ಲ," ಎಂದ ಔಷಧದಂಗಡಿಯವನು.

ಹೆಣ ಎತ್ತಿದ್ದ ನಾಲ್ವರು ಅಲ್ಲೇ ನಿಂತರು. ಗೋಡೆಗೆ ನಿಲ್ಲಿಸಿದ್ದ ಹಳೆಯ ಹತ್ತಿ ಹಾಸಿಗೆಯನ್ನು ಇಬ್ಬರು ಎಳೆದರು. ಎಳೆದದ್ದೇ ತಡ, ದೂಳೆದ್ದು, ಸತ್ತವರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಕೆಮ್ಮಿದರು.

ಹಾಸಿಗೆ ತಾತ ಜೀವಮಾನವಿಡೀ ಹತ್ತಿ ಹಿಂಜಿ ಊರಿಗೆಲ್ಲ ನಿದ್ದೆ ಹೊಲಿದುಕೊಟ್ಟವರು. ಅವರಿಗೆ ಮಾತ್ರ ಕೂತಲ್ಲೇ ನಿದ್ದೆ. ಮಲಗಿದರೆ ಎದೆ ಸುಯ್‌ಗುಟ್ಟುತ್ತಿತ್ತು.

"ಕೋಣೇಲಿ ಹತ್ತಿ-ಗಿತ್ತಿ ಇಟ್ಕೋಬೇಡಿ, ಇನ್ಹೇಲರ್ ದಿನಾ ತಪ್ಪದೆ ಎಳೀರಿ ಅಂತ ಡಾಕ್ಟ್ರು ಬಡ್ಕೊಂಡ್ರು. ಇವ್ರೋ, ಉಸಿರು ಕಟ್ಟಿದಾಗ ಮಾತ್ರ ಅದನ್ನ ಹುಡುಕೋರು," ಎಂದ ಅಂಗಡಿಯವನು. "ಹಾಸಿಗೆ ಎಲ್ಲಾ ನಾನೇ ಆಚೆ ಹಾಕ್ಸಿದ್ದೆ ಕಣಮ್ಮ. ಇದು ಮತ್ತೆ ಹೇಗೆ ಬಂತು?"

ಮಗಳು ಮೂಗೊರೆಸಿಕೊಂಡಳು. "ಅಪ್ಪನೇ ತಂದು ನಿಲ್ಸಿದ್ದು. ಕೆಮ್ಮು ಪಕ್ಕದ್ಮನೆಗೆ ಕೇಳ್ಬಾರ್ದು ಅಂತ. ಪಾಪ, ಅವ್ರಿಗೆ ನಿದ್ದೆ ಕೆಡುತ್ತೆ, ಗೋಡೆ ತಟ್ತಾರೆ ಅಂತಿದ್ರು." ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಫೋನಮ್ಮ ಆಗ ಅವಳ ಕಣ್ಣಿಗೆ ಬಿದ್ದರು. ನಾಲಿಗೆ ಕಚ್ಚಿಕೊಂಡಳು. "ತಪ್ಪು ತಿಳ್ಕೋಬೇಡಿ ಆಂಟಿ. ನಿಮ್ಮ ಮೇಲೆ ಅವ್ರಿಗೇನೂ ಬೇಜಾರಿರ್ಲಿಲ್ಲ."

ಫೋನಮ್ಮ ಬಾಯಿ ತೆರೆದರು. ಅಷ್ಟರಲ್ಲಿ ಹೆಣಕ್ಕೆ ದಾರಿ ಬಿಟ್ಟು ಬದಿಗೆ ಸರಿಯಬೇಕಾಯಿತು. ನಾಲ್ವರು ತಾತನನ್ನು ತಿರುಗಿಸಿಕೊಂಡು ಮೆಟ್ಟಿಲಿಳಿದರು.

*

ಫೋನಮ್ಮ ಟೆಲಿಫೋನ್ ಆಪರೇಟರ್ ಆಗಿದ್ದವರು. ನಡುವೆ ಸದ್ದಡಗಿದರೆ "ಲೈನಲ್ಲಿದ್ದೀರಾ?" ಎಂದು ಕೇಳಿ ಕೇಳಿ ಹಣ್ಣಾದವರು. ಕೆಲಸ ಬಿಟ್ಟ ಮೇಲೆ ಅವರಿಗೆ ಯಾರ ಫೋನೂ ಬರುತ್ತಿರಲಿಲ್ಲ. ಗೋಡೆಯಾಚೆಯ ಕೆಮ್ಮೊಂದೇ ಜೊತೆ. ಅದು ಜೋರಾಗಿ ಬಂದು ಒಮ್ಮೆಲೇ ನಿಂತರೆ ಅವರು ಎದ್ದು ಕೂರುತ್ತಿದ್ದರು. ಟಕ್ ಟಕ್ ಎಂದು ಗೋಡೆ ತಟ್ಟುತ್ತಿದ್ದರು: ಇದ್ದೀರಾ ಯಜಮಾನ್ರೇ? ಆಚೆಯಿಂದ ಸಣ್ಣದೊಂದು ಕೆಮ್ಮು ಬಂದರೆ ಅದೇ ಉತ್ತರವೆಂದು ಮಗ್ಗುಲಾಗುತ್ತಿದ್ದರು.

ಕೆಲವು ತಿಂಗಳಿಂದ ಕೆಮ್ಮು ಕೇಳದಾಯಿತು. ಒಮ್ಮೆ ಮೆಟ್ಟಿಲಲ್ಲಿ ಸಿಕ್ಕಾಗ ವಿಚಾರಿಸಿದ್ದರು.

"ಈಗ ಕೆಮ್ಮು ಹೇಗಿದೆ ಯಜಮಾನ್ರೇ?"

"ನಿಮಗೆ ಕೇಳಿಸ್ತಿಲ್ಲ ತಾನೇ ಅಮ್ಮ?"

"ಒಂಚೂರೂ ಇಲ್ಲ."

ತಾತ ಏದುಸಿರಿನ ನಡುವೆಯೇ ಮುಖವರಳಿಸಿ ನಕ್ಕಿದ್ದರು. ಔಷಧಿ ಹಿಡಿಯಿತೆಂದು ಫೋನಮ್ಮನಿಗೆ ನಿಜವಾಗಿಯೂ ಸಂತೋಷವಾಗಿತ್ತು. ಅಂದಿನಿಂದ ಮನೆ ಮಾತ್ರ ಬಿಕೋ ಎನ್ನುತ್ತಿತ್ತು.

*

ಸಂಜೆ ಬಂದವರೆಲ್ಲ ಹೋದರು. ಮಗಳು ಒಬ್ಬಳೇ ಅಪ್ಪನ ಕೋಣೆ ಗುಡಿಸುತ್ತಿದ್ದಳು. ಹಾಸಿಗೆಯಿಲ್ಲದ ಗೋಡೆಯಿಂದ ಪೊರಕೆಯ ಸದ್ದೂ ಕೇಳುತ್ತಿತ್ತು. ಫೋನಮ್ಮ ಮಂಚದ ತುದಿಯಲ್ಲಿ ಕೂತಿದ್ದರು. ಹೋಗಿ ಹೇಳಬೇಕು, ನಾನು ತಟ್ಟಿದ್ದು ಸಿಟ್ಟಿಗಲ್ಲ ಎಂದು. ಹೇಳಿದರೆ ಆ ಹುಡುಗಿಗೆ ಆ ಹಾಸಿಗೆ ಇನ್ನಷ್ಟು ಭಾರವಾಗುವುದಿಲ್ಲವೇ? ಅತ್ತ ದರಿ, ಇತ್ತ ಪುಲಿ.

ಅಷ್ಟರಲ್ಲಿ ದೂಳಿಗೆ ಮಗಳು ಕೆಮ್ಮತೊಡಗಿದಳು. ಥೇಟ್ ಅಪ್ಪನದೇ ಕೆಮ್ಮು. ಏರಿ ಏರಿ ಬಂದು ಒಮ್ಮೆಲೇ ನಿಂತಿತು.

ಹುಟ್ಟುಗುಣ ಸುಟ್ಟರೂ ಹೋಗದು. ಟಕ್ ಟಕ್. ತಟ್ಟಿಯಾದ ಮೇಲೆಯೇ ಫೋನಮ್ಮನಿಗೆ ತಮ್ಮ ಬೆರಳು ಕಂಡದ್ದು.

"ಸಾರಿ ಆಂಟಿ," ಎಂದಳು ಮಗಳು ಆಚೆಯಿಂದ.

ಪೊರಕೆ ನಿಂತಿತು. ಮುಂದಿನ ಕೆಮ್ಮು ಬಟ್ಟೆಯೊಳಗಿಂದ ಬಂತು.