ನಂಜನಗೂಡಿನ ಹಳದಿ ಚೀಲ

ಮಹದೇವಯ್ಯನವರ ಜವಳಿ ಅಂಗಡಿಯಲ್ಲಿ ಚೆಲುವರಾಜು ಬಂದು ಕೂತು ಮುಕ್ಕಾಲು ಗಂಟೆಯಾಗಿತ್ತು. ಮುಂದೆ ಹದಿನಾಲ್ಕು ಸೀರೆ ಹರಡಿದ್ದವು. ಕೈಗೆತ್ತಿಕೊಂಡಾಗ ಪ್ರತಿಯೊಂದೂ ಚೆನ್ನಾಗಿಯೇ ಕಾಣುತ್ತಿತ್ತು, ಕೆಳಗಿಟ್ಟ ಕೂಡಲೇ ಅನುಮಾನ ಶುರುವಾಗುತ್ತಿತ್ತು.

"ನಿಮ್ಮವ್ವ ಚಿನ್ನಮ್ಮ ಬಂದ್ರೆ ಬಾಗ್ಲಲ್ಲೇ ನಿಂತ್ಕಂಡು 'ಅದ ಕೊಡಿ' ಅನ್ನೋರು, ಐದು ನಿಮಿಷಕ್ಕೆ ಎದ್ದೋಗೋರು," ಎಂದರು ಮಹದೇವಯ್ಯ, ಹದಿನೈದನೆಯದನ್ನು ಬಿಚ್ಚುತ್ತ. "ನೀನು ಹೆಣ್ಣು ನೋಡಕ್ಕೆ ಬಂದೋನಂಗೆ ಕುಂತಿದ್ದೀಯಲ್ಲಪ್ಪ!"

"ಅಕ್ಕಂಗೆ ಒಪ್ತದೋ ಇಲ್ವೋ ಅಂತ ಸಾ..."

"ತವರಿಂದ ಬಂದ್ರೆ ಗೋಣಿಚೀಲನೂ ಒಪ್ತದೆ. ತಕ್ಕೊ."

ನಾಳೆ ಗೌರಿ ಹಬ್ಬ. ಅವ್ವ ತೀರಿದ ಮೇಲೆ ಇದು ಮೂರನೆಯ ಗೌರಿ. ಮೊದಲನೆಯದು ಸಾವಿನ ವರ್ಷವೆಂದು ಹಬ್ಬವೇ ಇರಲಿಲ್ಲ. ಎರಡನೆಯದಕ್ಕೆ ತಾಂಡ್ಯದ ಫ್ಯಾಕ್ಟರಿಯಲ್ಲಿ ರಜೆ ಸಿಗದೆ, ಚೆಲುವರಾಜು ಅಕ್ಕನ ಫೋನಿಗೆ ದುಡ್ಡು ಹಾಕಿ ಸುಮ್ಮನಾಗಿದ್ದ. ಫೋನಿಗೆ ಬಂದ ದುಡ್ಡು ಯಾರ ಕಣ್ಣಿಗೂ ಕಾಣಲಿಲ್ಲ. ಅಕ್ಕನನ್ನು ಕೊಟ್ಟ ಮೂಗೂರಿನ ಬೀದಿಯಲ್ಲಿ ಎಲ್ಲ ಸೊಸೆಯರೂ ತವರಿನ ಸೀರೆಯುಟ್ಟು ಗೌರಿಯ ಮುಂದೆ ಕೂತಾಗ ಅಕ್ಕ ಪಲ್ಲವಿಯೊಬ್ಬಳು ಹಳೆಯ ಸೀರೆಯಲ್ಲಿದ್ದಳಂತೆ. "ಅವ್ವನ ಜೊತೆಗೇ ತವರೂ ಮಣ್ಣಾಯ್ತು" ಎಂದು ಅತ್ತೆ ಮಂಚಮ್ಮ ನಾಲ್ಕು ಜನರ ಮುಂದೆ ಅಂದದ್ದು ಚೆಲುವರಾಜುವಿನ ಊರು ಕಳಲೆಯವರೆಗೂ ಬಂದು ಮುಟ್ಟಿತ್ತು.

ಈ ಸಲ ಬಂದೇ ಬರುತ್ತೇನೆಂದು ಹದಿನೈದು ದಿನದ ಹಿಂದೆ ಫೋನ್ ಮಾಡಿದ್ದ. ಪಲ್ಲವಿ ಬೈದಿದ್ದರೆ ಒಳ್ಳೆಯದಿತ್ತು. "ಬರ್ದಿದ್ರೂ ಪರವಾಗಿಲ್ಲ ಬುಡು ಚೆಲುವ" ಎಂದಿದ್ದಳು. ಆ 'ಬುಡು' ಅವನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಆಮೇಲೆ ಅವಳು ಫೋನನ್ನೇ ಎತ್ತಿರಲಿಲ್ಲ.

ಕೊನೆಗೆ ಗಿಳಿಹಸಿರಿಗೆ ಕೆಂಪಂಚಿನ ಸೀರೆ ತೀರ್ಮಾನವಾಯಿತು. ಮಹದೇವಯ್ಯ ಅದನ್ನು ಅಂಗಡಿಯ ಹೆಸರು ಅಚ್ಚಾದ ಹಳದಿ ಬಟ್ಟೆಚೀಲಕ್ಕೆ ಹಾಕಿ ಕೊಟ್ಟರು. ಅವ್ವ ಮನೆಯ ಬೇಳೆಕಾಳನ್ನೆಲ್ಲ ಇಂಥ ಚೀಲಗಳಲ್ಲೇ ಕಟ್ಟಿಡುತ್ತಿದ್ದಳು. ಪಕ್ಕದ ಬಳೆ ಅಂಗಡಿಯಲ್ಲಿ ಹೆಂಗಸರ ನೂಕುನುಗ್ಗಲು. "ಅಳತೆ ಎಷ್ಟು?" ಎಂಬ ಒಂದೇ ಪ್ರಶ್ನೆಗೆ ಬಾಯಿ ಕಟ್ಟಿ, ಬಸ್ಸು ಬದಲಿಸುವ ನರಸೀಪುರದಲ್ಲಿ ನೋಡಿದರಾಯಿತೆಂದು ಅವನು ಬಸ್ಸಿಗೆ ಓಡಿದ.

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಸಲ ಸೀರೆಯ ಮಡಿಕೆ ಬಿಡಿಸಿ ನೋಡಿದ. ನೀಲಿ ತರಬೇಕಿತ್ತೇನೋ ಅನಿಸಿತು.

ನರಸೀಪುರದ ಬಸ್ ಸ್ಟ್ಯಾಂಡಿನ ಎದುರು ರಾಚಮ್ಮನ ಬಳೆ ಅಂಗಡಿ. ಒಬ್ಬರು ಒಳಗೆ ಕೂತರೆ ಇನ್ನೊಬ್ಬರು ಬೀದಿಯಲ್ಲೇ ನಿಲ್ಲಬೇಕು, ಅಷ್ಟೇ ಜಾಗ.

"ಅಳತೆ ಏಳಪ್ಪ."

"ಗೊತ್ತಿಲ್ಲ ಕಣವ್ವ. ಸಾಧಾರಣ ಕೈ."

"ಸಾಧಾರಣ ಕೈಗೆ ಅಂತ ಯಾರೂ ಬಳೆ ಮಾಡಕ್ಕಿಲ್ಲ ಕಣ್ಲಾ. ದೊಡ್ದಾದ್ರೆ ಕಳಚ್ಕತ್ತದೆ, ಚಿಕ್ಕದಾದ್ರೆ ಅಬ್ಬದ ದಿಸವೇ ಕೈಯಲ್ಲಿ ಒಡೀತದೆ. ಪೋಟ ಇದ್ರೆ ತೋರ್ಸು. ಮೂವತ್ತು ವರ್ಸದಿಂದ ಎಂಗಸ್ರ ಕೈಯಿಡ್ದಿವ್ನಿ, ನೋಡಿದ್ರೇ ಏಳ್ತೀನಿ."

ಅವನು ಫೋನಿನಲ್ಲಿ ಪಲ್ಲವಿಯ ಫೋಟೊ ತೆಗೆದು ತೋರಿಸಿದ. ರಾಚಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

"ಅಯ್ಯೋ, ಮೂಗೂರು ಮಂಚಮ್ಮನ ಸೊಸೆ! ಇವ್ಳ ಅಳತೆ ಎರಡಾರು. ಮೊನ್ನೆ ಮಂಗಳವಾರ ನಾನೇ ಕೊಟ್ಟಿವ್ನಲ್ಲ, ಒಂದು ಡಜನ್ನು. ನೀನೇನಾಗ್ಬೇಕಪ್ಪ?"

"ತಮ್ಮ."

ರಾಚಮ್ಮನ ಕೈ ಬಳೆಯ ಸರದ ಮೇಲೆ ಹಾಗೆಯೇ ನಿಂತಿತು. ಅವನ ಮುಖ ನೋಡಿದಳು, ಕೈಯಲ್ಲಿದ್ದ ಹಳದಿ ಚೀಲ ನೋಡಿದಳು. ಆಮೇಲೆ ದನಿ ತಗ್ಗಿಸಿದಳು.

"ಕುಂತ್ಕೊ."

ಪಲ್ಲವಿ ಬಂದಿದ್ದಳಂತೆ. ಪಕ್ಕದ ಅಂಗಡಿಯಲ್ಲಿ ತಾನೇ ನೀಲಿ ಸೀರೆ ಕೊಂಡು, ಇಲ್ಲಿ ಹಸಿರು ಬಳೆ ಕೊಂಡು, "ತೊಡಿಸ್ಬ್ಯಾಡಿ ಅಕ್ಕ, ತವರಿಂದ ಬಂದಂಗೆ ಕಟ್ಕೊಡಿ" ಎಂದಳಂತೆ. ತಮ್ಮ ಡ್ಯೂಟಿಯ ಮೇಲೆ ಹೋಗುವವನು ಬಸ್ ಸ್ಟ್ಯಾಂಡಿನಲ್ಲಿ ಕೈಗೆ ಕೊಟ್ಟು ಹೋದ ಎಂದು ಮನೆಯಲ್ಲಿ ಹೇಳುತ್ತೇನೆ, ಯಾರಾದರೂ ಕೇಳಿದರೆ ಹೌದೆನ್ನಿ ಎಂದು ಕೈ ಹಿಡಿದುಕೊಂಡಳಂತೆ.

"ಕೇಳ್ದೆ ಇರ್ತಾಳಾ ಆ ಮಂಚಮ್ಮ? ನೆನ್ನೆ ಸಂತೆಗೆ ಬಂದೋಳು ನೇರ ಇಲ್ಲಿಗೇ ಬಂದ್ಲು. ಊಂ ಕಣವ್ವ, ನಾನೇ ಕಣ್ಣಾರೆ ಕಂಡೆ, ತಮ್ಮ ಬಲೇ ಲಕ್ಷಣವಾಗವ್ನೆ ಅಂತ ಸುಳ್ಳೇಳ್ದೆ." ರಾಚಮ್ಮ ಅವನನ್ನು ಒಂದು ಗಳಿಗೆ ನೋಡಿದಳು. "ಪೂರಾ ಸುಳ್ಳೇ ಆಯ್ತು, ಬುಡು. ಆದ್ರೂ ಅವ್ಳಿಗೆ ಅನ್ಮಾನ. ನಂಜನಗೂಡಿಂದ ಬಂದ ಸೀರೆಗೆ ಒಂದು ಚೀಲ ಇಲ್ವಾ, ಒಂದು ಕವರ್ ಇಲ್ವಾ ಅಂತ."

ಮೊಳೆಗೆ ನೇತುಹಾಕಿದ್ದ ಗುಲಾಬಿ ಬಣ್ಣದ ಕವರನ್ನು ತೋರಿಸಿದಳು. ಅದರ ಮೇಲೆ ನರಸೀಪುರದ ಅಂಗಡಿಯ ಹೆಸರಿತ್ತು. ಗುಟ್ಟು ಬಯಲಾದೀತೆಂದು ಪಲ್ಲವಿ ಅದನ್ನು ಇಲ್ಲೇ ಬಿಟ್ಟು ಹೋಗಿದ್ದಳು.

ತಮ್ಮ ಬರುವುದಿಲ್ಲವೆಂದು ಅಕ್ಕ ಅಷ್ಟು ಖಚಿತವಾಗಿ ನಂಬಿದ್ದಳು. ನಂಬುವಂತೆ ಮಾಡಿದವನು ತಾನೇ. ಮುಂದಿನದು ಇನ್ನೂ ಕಷ್ಟ. ಈ ಸೀರೆ ಹಿಡಿದು ಆ ಮನೆಗೆ ಹೋದರೆ ಮಂಚಮ್ಮ ಕೇಳುವ ಮೊದಲ ಮಾತೇ "ಅಂಗಾರೆ ಮೊನ್ನೇದ ಕೊಟ್ಟೋನು ಯಾರು?" ಎಂದು. ಮದುವೆಯಾದ ಹೆಣ್ಣಿಗೆ ಆ ಪ್ರಶ್ನೆ ಹಳೆ ಸೀರೆಯ ಅವಮಾನಕ್ಕಿಂತ ಸಾವಿರ ಪಾಲು ಕೆಟ್ಟದ್ದು. ಹೋಗದೆ ಹಿಂದಿರುಗಿದರೆ ತಮ್ಮ ಈ ವರ್ಷವೂ ಬರಲಿಲ್ಲವೆಂಬುದೇ ಅವಳಿಗೆ ಕೊನೆಯ ಸತ್ಯವಾಗುತ್ತದೆ. ಫೋನ್ ಮಾಡಿದ. ರಿಂಗಾಗಿ ಆಗಿ ನಿಂತಿತು. ಮತ್ತೆ ಮಾಡಿದ. ಅದೂ ನಿಂತಿತು.

ಹೊರಗೆ ಕಂಡಕ್ಟರು "ಮೂಗೂರು, ಮೂಗೂರು!" ಎಂದು ಕೂಗತೊಡಗಿದ್ದ. ಕೊನೆಗೂ ಒಂದು ತೀರ್ಮಾನಕ್ಕೆ ಬಂದವನಂತೆ ಚೆಲುವರಾಜು ಎದ್ದ. ಹಳದಿ ಚೀಲದಿಂದ ಸೀರೆ ತೆಗೆದು, ಮೊಳೆಯ ಮೇಲಿನ ಗುಲಾಬಿ ಕವರಿಗೆ ಹಾಕಿ, ರಾಚಮ್ಮನ ಕೈಗಿಟ್ಟ.

"ಇದ ಇಲ್ಲೇ ಮಡಗಿರಿ ಕಣವ್ವ. ಅಕ್ಕ ಯಾವತ್ತಾದ್ರೂ ಒಬ್ಳೇ ಬಂದಾಗ ಕೊಡಿ."

"ಬಳೆ ಬ್ಯಾಡ್ವಾ ಅಂಗಾರೆ?"

"ಬ್ಯಾಡ. ಆಗ್ಲೇ ಕೊಟ್ಟಿವ್ನಲ್ಲ," ಎಂದ.

ಎರಡು ಮಾರು ಸೇವಂತಿಗೆ, ಒಂದು ಚಿಪ್ಪು ಬಾಳೆಹಣ್ಣು ಕೊಂಡು ಹಳದಿ ಚೀಲಕ್ಕೆ ಹಾಕಿ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದ, ಪ್ರತಿ ಸಲವೂ ಒಂದೊಂದು ಕಡೆ ತಪ್ಪಿದ. ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

ಮಂಚಮ್ಮ ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದಳು.

"ಓಹೋಹೋ! ಬಾರವ್ವ ಪಲ್ಲವಿ, ನಿನ್ನ ಬಸ್ ಸ್ಟ್ಯಾಂಡ್ ತಮ್ಮ ಬಂದವ್ನೆ ನೋಡು! ಅವತ್ತು ಮನೆಗಂಟ ಬರಕ್ಕೆ ಕಾಲು ನೋಯ್ತಿತ್ತೇನಪ್ಪ?"

ಪಲ್ಲವಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಮುಖ ಸುಣ್ಣದಂತಾಯಿತು. ಕಣ್ಣು ಅವನ ಕೈಯ ಚೀಲದ ಮೇಲೆ ಬಿತ್ತು. ಬೇಡ ಎನ್ನುವಂತೆ ತಲೆ ಸ್ವಲ್ಪವೇ ಅಲುಗಿತು.

"ಡ್ಯೂಟಿ ಇತ್ತು ಕಣತ್ತೆ," ಎಂದ ಚೆಲುವರಾಜು. ಬಾಯಿಪಾಠವೆಲ್ಲ ಮರೆತುಹೋಗಿತ್ತು. "ಅವತ್ತು ಸೀರೆ, ಬಳೆ ಕೈಗಾಕಿ ಓಡ್ಬುಟ್ಟೆ. ಅಂಗಡಿ ಚೀಲ ನನ್ ಕೈಯಲ್ಲೇ ಉಳ್ಕತ್ತು. ಬರೀ ಚೀಲ ಎಂಗ್ ತರದು ಅಂತ ಊವ, ಬಾಳೆಅಣ್ಣು ತಂದೆ." ಅಕ್ಕನ ಕಡೆ ತಿರುಗಿದ. "ನೀಲಿ ಒಪ್ತದಾ ಅಕ್ಕ? ಎರಡಾರು ಸರಿಯೋಯ್ತಾ?"

ಮಂಚಮ್ಮ ಚೀಲ ಕಿತ್ತುಕೊಂಡು, ಹೂವು ಹಣ್ಣನ್ನು ಮೊರಕ್ಕೆ ಸುರಿದು, ಚೀಲವನ್ನು ಹಿಂದೆ ಮುಂದೆ ತಿರುಗಿಸಿದಳು. ಓದು ಬಾರದವಳು ಅದನ್ನು ಸೊಸೆಯ ಮುಖಕ್ಕೆ ಹಿಡಿದಳು.

"ಏನು ಬರ್ದದೆ, ಓದು."

"ಮಹದೇವಯ್ಯ ಜವಳಿ ಅಂಗಡಿ," ಎಂದು ಪಲ್ಲವಿ ಓದಿದಳು. ಮುಂದಿನ ಪದದ ಮೇಲೆ ಬೆರಳಿಟ್ಟಳು. "ನಂಜನಗೂಡು."

ಮಂಚಮ್ಮ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಕೇಳುವುದಕ್ಕೆ ಬೇರೇನೂ ಉಳಿದಿರಲಿಲ್ಲ. "ಗಟ್ಟಿ ಚೀಲ. ರಾಗಿ ಇಟ್ಟು ಮಡಗಕ್ಕೆ ಆಯ್ತದೆ," ಎಂದಳು.

ಪಲ್ಲವಿ ಕೈ ಚಾಚಿ ಅದನ್ನು ಅತ್ತೆಯ ಕೈಯಿಂದ ಬಿಡಿಸಿಕೊಂಡಳು. ನಾಲ್ಕಾಗಿ ಮಡಚಿ ಎದೆಗೆ ಒತ್ತಿಕೊಂಡಳು.

"ಕೊಡಕ್ಕಿಲ್ಲ ಕಣತ್ತೆ. ಇದು ನಮ್ಮವ್ವನ ಮನೇದು," ಎಂದಳು. ಆಮೇಲೆ ತಮ್ಮನ ಮುಖ ನೋಡದೆಯೇ, "ಕಾಲು ತೊಳ್ಕೊಂಡು ಒಳೀಕೆ ಬಾ ಚೆಲುವ. ಅನ್ನಕ್ಕಿಡ್ತೀನಿ."